ಕಾಲು ತಾಗಿದ ಮೇಲೆ

ಮೌಂಟ್ ರಾಸ್ಕಿಲ್, ಆಕ್ಲೆಂಡ್
೨೬ ಆಗಸ್ಟ್ ೨೦೦೭, ರವಿವಾರ

ಸ್ನೇಹಲಳ ಅಪ್ಪನವರಿಗೆ,

ನಮಸ್ಕಾರ. ಮದುವೆಯಾದ ಹೊಸತರಲ್ಲಿ ಹುಬ್ಬಳ್ಳಿಯಿಂದ ನಿಮಗೆ ಬರೆಯುತ್ತಿದ್ದ ಪತ್ರಗಳಲ್ಲಿ ಎಂಥೆಂಥ ಸಂಬೋಧನೆಗಳಿದ್ದವು ಎಂದು ನೆನೆದರೆ ಈಗ ಕಿವಿ ಬಿಸಿಯಾಗುತ್ತದೆ. ಸದ್ಯಕ್ಕೆ ಇಷ್ಟೇ ಇರಲಿ.

ನಿಮ್ಮ ಪತ್ರ ಮಂಗಳವಾರ ಬಂತು. ವಾರಕ್ಕೊಮ್ಮೆ ಫೋನಿನಲ್ಲಿ "ಸ್ನೇಹಲ್ ಇದ್ದಾಳೇನು?", "ಕೊಡ್ತೀನಿ, ತಡೀರಿ" ಎನ್ನುವುದರ ಆಚೆಗೆ ಮಾತಾಡದ ನಾವು ಪತ್ರದ ಮಟ್ಟಕ್ಕೆ ಬಂದದ್ದೇ ದೊಡ್ಡದು. ನೀವು ಕೇಳಿದ್ದು ಒಂದೇ. ಪರ್ತ್‌ನ ಕಂಪನಿ ಮತ್ತೆರಡು ವರ್ಷಕ್ಕೆ ಸಹಿ ಹಾಕಿ ಎನ್ನುತ್ತಿದೆ. ಹಾಕಲೇ, ಇಲ್ಲ ಮನೆಗೆ ಬರಲೇ? "ಈ ಸಲ ಮೊದಲು ನಿನ್ನನ್ನು ಕೇಳುತ್ತಿದ್ದೇನೆ" ಎಂಬ ಸಾಲಿನ ಕೆಳಗೆ ಗೆರೆ ಬೇರೆ ಎಳೆದಿದ್ದೀರಿ. ಎಂಜಿನಿಯರ್ ಕೈ, ಸ್ಕೇಲು ಇಟ್ಟೇ ಎಳೆದಿದ್ದೀರಿ. ಹೋದ ಸಲ ಸಹಿ ಹಾಕಿ ಬಂದು, ಊಟಕ್ಕೆ ಕೂತು, ರೊಟ್ಟಿ ಮುರಿಯುತ್ತ ಸುದ್ದಿ ಹೇಳಿದ್ದಿರಿ. ಹುಬ್ಬಳ್ಳಿ ಬಿಟ್ಟು ಬಂದದ್ದೇ ಸಾಕು, ಕಟ್ಟಿದ ಮನೆ ಬಿಚ್ಚಿಕೊಂಡು ಇನ್ನೊಂದು ದೇಶಕ್ಕೆ ನಾನು ಬರುವುದಿಲ್ಲ ಎಂದೆ. ನೀವು ಒಬ್ಬರೇ ಹೋದಿರಿ. ಒಂದೂವರೆ ವರ್ಷವಾಯಿತು. ಆ ದಿನದ ಮಾತು ಇಲ್ಲಿ ಬೇಡ.

ಉತ್ತರ ಕೊಡುತ್ತೇನೆ. ಅದಕ್ಕೆ ಮುಂಚೆ ಮಗಳ ಬ್ಯಾಸ್ಕೆಟ್‌ಬಾಲ್ ಸೀಸನ್ನಿನ ಕಥೆ ನೀವು ಪೂರ್ತಿ ಓದಬೇಕು. ಫೋನಿನಲ್ಲಿ ಅವಳು ನಿಮಗೆ "ವಿ ವನ್, ಅಪ್ಪಾ", "ವಿ ಲಾಸ್ಟ್, ಅಪ್ಪಾ" ಎಂದಷ್ಟೇ ಹೇಳಿರುತ್ತಾಳೆ. ಗೆದ್ದದ್ದು ಸೋತದ್ದು ಕಥೆಯೇ ಅಲ್ಲ. ನಿನ್ನೆ ಸೀಸನ್ ಮುಗಿಯಿತು. ಇವತ್ತು ಬೆಳಿಗ್ಗೆಯಿಂದ ನನ್ನ ತಲೆಯಲ್ಲಿ ಚೆಂಡು ಪುಟಿಯುವ ಸದ್ದು ನಿಂತಿಲ್ಲ. ಕುಕ್ಕರ್ ಕೂಗಿದರೆ ರೆಫರಿ ಸೀಟಿ ಊದಿದ ಹಾಗಾಗುತ್ತಿದೆ.

ಮನುಕಾವ್‌ನಲ್ಲಿರುವ ಅವಳ ಕಾಲೇಜಿನ ಜಿಮ್ ನೀವು ನೋಡಿಲ್ಲ. ಒಳ್ಳೆಯ ಎತ್ತರದ ಕಟ್ಟಡ, ಸೂರಿನ ಹತ್ತಿರ ಸಾಲಾಗಿ ಕಿಟಕಿ. ಶನಿವಾರ ಬೆಳಿಗ್ಗೆ ಆ ಕಿಟಕಿಗಳಿಂದ ಚಳಿಗಾಲದ ಬಿಸಿಲು ಕೆಳಗೆ ಬರುವಷ್ಟರಲ್ಲಿ ತೆಳ್ಳಗಾಗಿ, ಹಾಲು ಬೆರೆಸಿದ ನೀರಿನ ಬಣ್ಣಕ್ಕೆ ತಿರುಗಿರುತ್ತದೆ. ಅದರೊಳಗೆ ಹುಡುಗಿಯರು ಓಡುತ್ತಾರೆ. ಮರದ ನೆಲದ ಮೇಲೆ ಬೂಟುಗಳ ಕಿರಗುಟ್ಟುವಿಕೆ, ಮೇಲೆಲ್ಲೋ ಒಂದು ಚೆಂಡು. ನಾನು ಥರ್ಮಾಸಿನ ಚಹಾ ಹಿಡಿದು ಮೆಟ್ಟಿಲು ಬೆಂಚಿನ ಮೇಲೆ ಕೂತು ನೋಡುತ್ತಿದ್ದರೆ, ಕೈ ಬಿಟ್ಟ ಚೆಂಡು ಬುಟ್ಟಿ ಮುಟ್ಟುವ ಮೊದಲು ಗಾಳಿಯಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತದೆ ಅನ್ನಿಸುತ್ತದೆ. ನಿಲ್ಲುವುದಿಲ್ಲ ಎಂದು ನೀವು ಪೆನ್ಸಿಲ್ ತೆಗೆದುಕೊಂಡು ಲೆಕ್ಕ ಮಾಡಿ ತೋರಿಸಬೇಡಿ. ನನಗೆ ನಿಂತಂತೆಯೇ ಕಾಣುತ್ತದೆ. ಎಷ್ಟೋ ಸಲ ಅದನ್ನು ನೋಡುತ್ತ ಅರ್ಧ ಮಂಪರಿನಲ್ಲಿ ನಾನು ಧಾರವಾಡದ ನಮ್ಮ ಹೈಸ್ಕೂಲಿನ ಅಂಗಳಕ್ಕೂ ಹೋಗಿ ಬಂದಿದ್ದೇನೆ.

ಹೌದು, ಅಲ್ಲಿಯವರೆಗೆ ಮೋಟರ್‌ವೇ ಮೇಲೆ ನಾನೇ ಕಾರು ಓಡಿಸುತ್ತೇನೆ. ನೀವು ಬಿಟ್ಟು ಹೋದ ಕೊರೊಲಾ ಈಗ ನನ್ನ ಮಾತು ಕೇಳುತ್ತದೆ. ನಿಮ್ಮ ಮಾತನ್ನು ಅದು ಎಂದೂ ಕೇಳಿರಲಿಲ್ಲ.

ಅವಳ ತಂಡ ಆಡುವ ಗುಂಪಿಗೆ ಕಾನ್ಫರೆನ್ಸ್ ಎನ್ನುತ್ತಾರೆ. ಸುತ್ತಲಿನ ಕಾಲೇಜುಗಳ ಹುಡುಗಿಯರ ತಂಡಗಳು ಏಪ್ರಿಲಿನಿಂದ ಆಗಸ್ಟಿನವರೆಗೆ ಒಬ್ಬರ ಮೇಲೊಬ್ಬರು ಆಡುತ್ತಾರೆ, ಮೇಲಿನ ನಾಲ್ಕು ತಂಡಗಳು ಮುಂದಿನ ಸುತ್ತಿಗೆ ಹೋಗುತ್ತವೆ. ಈ ಒಂದು ಸೀಸನ್ನಿನಲ್ಲಿ ಸ್ನೇಹಲಳಿಗೆ ಮೂವರು ಕೋಚ್‌ಗಳಾದರು. ಮೂವರ ಮುಂದೆಯೂ ಬಂದು ನಿಂತದ್ದು ನಿಮ್ಮ ಒಂದು ಚಟ.

ಯಾವುದೆಂದು ಕೇಳುತ್ತೀರಾ? ಕಾಲು ತಾಗಿದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳುವುದು. ನಮ್ಮ ಕಡೆ ಎಲ್ಲರಿಗೂ ಅದು ಇದ್ದದ್ದೇ. ಪುಸ್ತಕಕ್ಕೆ, ಹಿರಿಯರಿಗೆ, ಅಷ್ಟಕ್ಕೆ ಮುಗಿಯುತ್ತದೆ. ನಿಮಗೆ ಮಾತ್ರ ಚಪ್ಪಲಿಯ ಪೆಟ್ಟಿಗೆ ತಾಗಿದರೂ ನಮಸ್ಕಾರ. ನಾವು ಬಂದ ಹೊಸತರಲ್ಲಿ ಸ್ಯಾಂಡ್ರಿಂಗಮ್ ರಸ್ತೆಯ ಬಸ್ಸಿನಲ್ಲಿ ಒಬ್ಬ ಮುದುಕನ ಬೂಟು ತುಳಿದು, ಬಗ್ಗಿ ಅವನ ಮೊಣಕಾಲು ಮುಟ್ಟಿ ಕಣ್ಣಿಗೊತ್ತಿಕೊಂಡಿರಿ; ಪಾಪ, ಅವನು ಗಾಬರಿಯಾಗಿ ಜೇಬು ತಡವಿ ನೋಡಿಕೊಂಡ. ನಿದ್ದೆಯಲ್ಲೂ ಬಿಟ್ಟವರಲ್ಲ ನೀವು. ಹಾಸಿಗೆಯಲ್ಲಿ ನನ್ನ ಕಾಲಿಗೆ ನಿಮ್ಮ ಕಾಲು ತಾಗಿದರೆ, ಕಣ್ಣು ಮುಚ್ಚಿದ್ದ ಹಾಗೆಯೇ ನಿಮ್ಮ ಕೈ ಬರುತ್ತಿತ್ತು, ನನ್ನ ಭುಜವನ್ನೋ ಮೊಣಕೈಯನ್ನೋ ಮುಟ್ಟಿ ನಿಮ್ಮ ಕಣ್ಣಿಗೆ ಹೋಗುತ್ತಿತ್ತು, ಮತ್ತೆ ಗೊರಕೆ. ನಾನು ಎಚ್ಚರವಿದ್ದು ನೋಡುತ್ತಿದ್ದೆ ಎಂದು ನಿಮಗೆ ಹೇಳಿರಲಿಲ್ಲ.

ಮಗಳು ನಿಮ್ಮಿಂದ ಬೇರೇನೂ ಕಲಿಯದಿದ್ದರೂ ಇದನ್ನು ಪೂರ್ತಿ ಕಲಿತಳು. ಬ್ಯಾಸ್ಕೆಟ್‌ಬಾಲ್ ಎಂದರೆ ಹತ್ತು ಜನ ಒಂದು ಬುಟ್ಟಿಯ ಕೆಳಗೆ ಒಬ್ಬರ ಕಾಲು ಒಬ್ಬರು ತುಳಿಯುವ ಆಟ.

ಮೊದಲ ಪಂದ್ಯದಲ್ಲೇ ಶುರುವಾಯಿತು. ಚೆಂಡು ಯಾರದೋ ಕೈ ತಪ್ಪಿ ಉರುಳುತ್ತ ಬಂದು ಅವಳ ಬೂಟಿಗೆ ತಾಗಿತು. ಎತ್ತಿಕೊಂಡಳು. ಒಂದು ಕಣ್ಣಿಗೆ, ಇನ್ನೊಂದು ಕಣ್ಣಿಗೆ ಒತ್ತಿಕೊಂಡಳು. ಅಷ್ಟರಲ್ಲಿ ಎದುರಾಳಿ ಹುಡುಗಿ ಅವಳ ಮುಖದಿಂದಲೇ ಚೆಂಡು ಕಿತ್ತುಕೊಂಡು ಹೋಗಿ ಬುಟ್ಟಿಗೆ ಹಾಕಿ ಬಂದಳು. ಜಿಮ್ಮಿಗೆ ಜಿಮ್ಮೇ ನಕ್ಕಿತು. ಕೋಚ್ ಕ್ರೇಗ್ ಕೂಡ ನಕ್ಕ. ಪ್ರಾರ್ಥನೆ ಏನಿದ್ದರೂ ಮನೆಯಲ್ಲಿ ಮುಗಿಸಿಕೊಂಡು ಬಾ ಎಂದ. ಅವನಿಗೆ ಯಾವುದೂ ದೊಡ್ಡ ವಿಷಯವಲ್ಲ, ಚಳಿಯಲ್ಲೂ ಚಡ್ಡಿ ಹಾಕಿಕೊಂಡು ತಿರುಗುವ ಜೀವ. ಕೆಲವು ವಾರಗಳಾದ ಮೇಲೆ ಎಲ್ಲ ಹುಡುಗಿಯರಿಗೂ ಒಂದೇ ಟೆಕ್ಸ್ಟ್ ಕಳಿಸಿದ. ಗೋಲ್ಡ್ ಕೋಸ್ಟ್‌ನಲ್ಲಿ ಕೆಲಸ ಸಿಕ್ಕಿತಂತೆ, ಶುಭವಾಗಲಿ ಅಂತೆ. ಟಾಸ್ಮನ್ ಸಮುದ್ರದ ಆಚೆ, ಆ ಆಸ್ಟ್ರೇಲಿಯಾದಲ್ಲಿ ಅದೇನು ಇಟ್ಟಿದ್ದಾರೋ, ನಿಮಗೇ ಗೊತ್ತು. ಸ್ನೇಹಲ್ ಆ ಟೆಕ್ಸ್ಟ್ ನನಗೆ ತೋರಿಸಿ, "ಎವ್ರಿಬಡಿ ಗೋಸ್, ಅವ್ವಾ" ಎಂದಳು. ನಾನು ಬೇಳೆಗೆ ಇನ್ನೊಂದು ಸಲ ನೀರು ಹಾಕಿ ತೊಳೆದೆ.

ಎರಡನೆಯವಳು ಜ್ಯಾನೆಟ್. ಒಳ್ಳೆಯ ಹೆಂಗಸು, ಆದರೆ ನೆಟ್‌ಬಾಲ್‌ನವಳು. ನೆಟ್‌ಬಾಲ್‌ನಲ್ಲಿ ಚೆಂಡು ಹಿಡಿದು ಓಡುವಂತಿಲ್ಲ, ಎದುರಾಳಿಗೆ ತಾಗುವಂತಿಲ್ಲ. ಅಂಥ ಶಿಸ್ತಿನಲ್ಲಿ ಬೆಳೆದವಳಿಗೆ ಸ್ನೇಹಲಳ ಕೈ ದೊಡ್ಡ ಅಪರಾಧವಾಗಿ ಕಂಡಿತು. ತಪ್ಪೂ ಅಲ್ಲ ಅವಳದು. ಕಾಲು ತುಳಿದಾಗ ನಮ್ಮವಳು ಏನು ಮಾಡುತ್ತಿದ್ದಳು ಗೊತ್ತೇ? ಓಡುತ್ತಿರುವ ಎದುರಾಳಿಯ ಭುಜ ಮುಟ್ಟಲು ಕೈ ಚಾಚುತ್ತಿದ್ದಳು. ಸೀಟಿ ಬೀಳುತ್ತಿತ್ತು. ಕ್ಷಮೆ ಕೇಳಲು ಹೋದ ಕೈಯೇ ಫೌಲ್ ಆಗುತ್ತಿತ್ತು. ಐದು ಫೌಲ್ ಆದರೆ ಆಟದಿಂದ ಹೊರಗೆ, ಟವೆಲ್ ಹೊದ್ದುಕೊಂಡು ಬೆಂಚಿಗೆ.

ಜೂನ್‌ನಲ್ಲಿ ಒಂದು ಪಂದ್ಯ ಹೀಗೆಯೇ ಹೋಯಿತು. ನಾವು ಒಂದು ಅಂಕ ಮುಂದಿದ್ದೆವು, ಗಡಿಯಾರ ಮುಗಿಯುತ್ತ ಬಂದಿತ್ತು. ಇವಳ ಕಾಲು ಒಬ್ಬಳ ಕಾಲಿನ ಮೇಲೆ ಬಿತ್ತು, ಕೈ ಹೋಯಿತು, ಸೀಟಿ ಬಿತ್ತು. ಆ ಹುಡುಗಿ ಎರಡು ಫ್ರೀ ಥ್ರೋ ಹಾಕಿ ಪಂದ್ಯ ತೆಗೆದುಕೊಂಡು ಹೋದಳು. ಜ್ಯಾನೆಟ್ ಕೂಗಾಡಲಿಲ್ಲ. ಇದನ್ನು ಬಿಟ್ಟು ಬಾ, ಇಲ್ಲವಾದರೆ ನಿನ್ನನ್ನು ಆಡಿಸಲಾರೆ ಎಂದಳು ಅಷ್ಟೇ. ಕಾರಿನಲ್ಲಿ ಸ್ನೇಹಲ್, "ನಾ ಮಾಡೂದಿಲ್ಲವ್ವಾ, ಕೈ ತಾನ ಹೋಗ್ತದ" ಎಂದು ಅತ್ತಳು. ಎರಡು ವರ್ಷದಿಂದ ನನ್ನೊಡನೆ ಇಂಗ್ಲಿಷ್ ಬಿಟ್ಟು ಮಾತಾಡದ ಹುಡುಗಿ ಅಳುವಾಗ ನಿಮ್ಮ ಹುಬ್ಬಳ್ಳಿ ಮಾತಿಗೆ ಬಂದಳು.

ಮರುದಿನ ಹಿತ್ತಲಿನಲ್ಲಿ ನಾನು ಬಟ್ಟೆ ಒಣಹಾಕುತ್ತಿದ್ದೆ. ಅವಳು ಬಂದು, "ಅವ್ವಾ, ನಿನ್ನ ಕಾಲ ಮ್ಯಾಲ ಕಾಲ ಇಡ್ತೀನಿ. ಕೈ ಎತ್ತಬಾರದು. ಪ್ರಾಕ್ಟೀಸ್" ಎಂದಳು. "ಏನ ಹುಚ್ಚ ಹಿಡದದ ನಿನಗ?" ಎಂದೆ. ಆದರೆ ಅವಳ ಮುಖ ನೋಡಿ ಚಪ್ಪಲಿ ಬಿಟ್ಟು ಕಾಂಕ್ರೀಟಿನ ಮೇಲೆ ಬರಿಗಾಲಲ್ಲಿ ನಿಂತೆ. ಅವಳು ಕೈ ಬೆನ್ನ ಹಿಂದೆ ಕಟ್ಟಿಕೊಂಡು ನನ್ನ ಪಾದದ ಮೇಲೆ ಪಾದ ಇಟ್ಟಳು. ಮೊದಲ ದಿನ ತಡೆಯಲಾಗಲಿಲ್ಲ. ಕೈ ಬಿಚ್ಚಿಕೊಂಡು ಬಂದು ನನ್ನನ್ನು ಮುಟ್ಟಿಯೇ ಬಿಟ್ಟಿತು. ಮರುದಿನ ಮತ್ತೆ. ಮಣಿಕಟ್ಟಿಗೆ ಕೂದಲಿನ ರಬ್ಬರ್ ಸುತ್ತಿಕೊಂಡಿದ್ದಳು, ಕೈ ಹೊರಟರೆ ಚಟ್ಟೆಂದು ಎಳೆದು ಬಿಡುತ್ತಿದ್ದಳು. ಒಣಹಾಕಿದ ಸೀರೆಯ ಪಕ್ಕ ತಾಯಿ ಮಗಳು ಕಾಲ ಮೇಲೆ ಕಾಲಿಟ್ಟುಕೊಂಡು ಮಾತಿಲ್ಲದೆ ನಿಂತದ್ದನ್ನು ಬೇಲಿಯಾಚೆಯ ಪದ್ಮನಾಭ ಅಂಕಲ್ ನೋಡಿ, ಯೋಗವೇನೋ ಎಂದುಕೊಂಡು ತಾವೂ ಕೈ ಮೇಲೆತ್ತಿ ಉಸಿರೆಳೆದರು. ನಗು ಬಂತು. ಆದರೆ ನಾವಿಬ್ಬರೂ ನಗಲಿಲ್ಲ.

ಒಂದು ಸಂಜೆ ಅವಳ ಕೈ ಅಲುಗಲೇ ಇಲ್ಲ. ಕಾಲು ನನ್ನ ಕಾಲ ಮೇಲೆ, ಕಣ್ಣು ನನ್ನ ಕಣ್ಣಿನಲ್ಲಿ, ಕೈ ಎರಡೂ ಆರಾಮಾಗಿ ಕೆಳಗೆ. "ಆತು" ಎಂದು ಒಳಗೆ ಹೋದಳು.

ಆಮೇಲಿನ ಪಂದ್ಯಗಳಲ್ಲಿ ನೀವು ಅವಳನ್ನು ನೋಡಬೇಕಿತ್ತು. ಗಾಳಿಯೊಳಗೆ ಹಾದುಹೋದ ಹಾಗೆ ಜನರ ನಡುವೆ ನುಗ್ಗುತ್ತಿದ್ದಳು. ಒಂದು ಶನಿವಾರ ಆ ದಿನದ ಆಟಗಾರ್ತಿ ಎಂದು ಅವಳ ಹೆಸರು ಕೂಗಿ ಚಾಕೊಲೇಟ್ ಕೊಟ್ಟರು. ನಾನೂ ಚಪ್ಪಾಳೆ ಹೊಡೆದೆ. ಆ ಸಂಜೆ ಸೋಫಾದ ಮೇಲೆ ಟಿವಿ ನೋಡುವಾಗ ಕಾಲು ಚಾಚಿದಳು, ನನ್ನ ಮೊಣಕಾಲಿಗೆ ತಾಗಿತು. ನಾನು ಕಾದೆ. ಅವಳು ರಿಮೋಟ್ ಒತ್ತಿ ಚಾನೆಲ್ ಬದಲಿಸಿದಳು. ನೀವು ಹೋದ ಮೇಲೂ ಮನೆಯಲ್ಲಿ ನಿಮ್ಮದು ಇದ್ದದ್ದು ಅದೊಂದೇ ಎಂದು ನನಗೆ ಆಗ ತಿಳಿಯಿತು. ಒಲೆಯ ಮೇಲಿದ್ದ ರೊಟ್ಟಿ ಸುಟ್ಟ ವಾಸನೆ ಬರುವವರೆಗೂ ಅಲ್ಲೇ ಕೂತಿದ್ದೆ. ಬಹಳ ದುಃಖವಾಯಿತು, ಮುಚ್ಚಿಡುವುದೇನು?

ಜುಲೈನಲ್ಲಿ ಜ್ಯಾನೆಟ್‌ಳ ಸ್ವಂತ ನೆಟ್‌ಬಾಲ್ ತಂಡ ಎಲ್ಲೋ ಫೈನಲ್‌ಗೆ ಹೋಯಿತು, ಅವಳು ಅತ್ತ ಹೋದಳು. ಕೋಚ್ ಇಲ್ಲದಿದ್ದರೆ ತಂಡವನ್ನು ಕಾನ್ಫರೆನ್ಸ್‌ನಿಂದ ಹಿಂದೆ ತೆಗೆಯುತ್ತೇವೆ ಎಂದರು ಕಾಲೇಜಿನವರು. ಆಗ ತಂಡದ ಸಮೋವಾ ಹುಡುಗಿ ಮೆಲೆ ತನ್ನ ಸೋದರತ್ತೆಯನ್ನು ಕರೆತಂದಳು. ಸಿನಾ ಎಂದು ಹೆಸರು, ಪ್ರೈಮರಿ ಶಾಲೆಯ ಟೀಚರ್, ಒಂದು ಕಾಲದಲ್ಲಿ ಚೆನ್ನಾಗಿ ಆಡಿದವರು. ದೊಡ್ಡ ಮೈ, ಸಣ್ಣ ದನಿ, ಕಿವಿಯ ಮೇಲೆ ಯಾವಾಗಲೂ ಒಂದು ಹೂವು.

ಅವರು ಬಂದ ಮೊದಲ ಸಂಜೆ. ನಾನು ಬೆಂಚಿನ ಮೇಲೆ ಎಂದಿನಂತೆ ಮಂಪರಿನಲ್ಲಿದ್ದೆ. ಅವರು ನನ್ನ ಮುಂದಿನಿಂದ ದಾಟಬೇಕಿತ್ತು. ಅಷ್ಟು ದೊಡ್ಡ ಹೆಂಗಸು ಸೊಂಟದವರೆಗೆ ಬಾಗಿ, ಒಂದು ಕೈ ನೆಲದ ಕಡೆ ಇಳಿಸಿ, "ತುಲೋ" ಎಂದು ಮೆಲ್ಲಗೆ ಹೇಳುತ್ತ ದಾಟಿದರು. ಏನೋ ಬಿದ್ದಿದೆ, ಹುಡುಕುತ್ತಿದ್ದಾರೆ ಎಂದುಕೊಂಡು ನಾನು ಕಾಲು ಮೇಲೆತ್ತಿಕೊಂಡೆ. ಅವರು ನಕ್ಕರು. ಕೂತವರ ಮುಂದೆ ಹಾದುಹೋಗುವಾಗ ತಮ್ಮಲ್ಲಿ ಹೀಗೆ ತಗ್ಗಿ ಹೇಳದೆ ಹೋಗುವುದಿಲ್ಲ ಎಂದರು. ಊರಿನವರು ಯಾರೋ ಸಿಕ್ಕ ಹಾಗೆ ಎಲ್ಲವನ್ನೂ ಹೇಳಿಬಿಟ್ಟೆ. ಚಟ, ಫೌಲ್, ರಬ್ಬರ್, ಹಿತ್ತಲು, ಎಲ್ಲ. ಚಟ ಅವಳ ಅಪ್ಪನಿಂದ ಬಂದದ್ದು ಎಂದೆ, ನೀವು ಹೋದ ವಿಷಯ ಹೇಳಲಿಲ್ಲ. ಅವರೇ ಮಗುವಿನ ತಂದೆ ಎಲ್ಲಿ ಎಂದು ಕೇಳಿದರು, ಪರ್ತ್ ಎಂದೆ, ತಲೆಯಾಡಿಸಿದರು.

ಸಿನಾ ಸ್ನೇಹಲಳನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡು ಆ ರಬ್ಬರ್ ತೆಗೆಸಿದರು. ನಿನ್ನ ಅಪ್ಪ ಕೊಟ್ಟದ್ದನ್ನು ಬಿಡಬೇಡ, ತಡಮಾಡು ಸಾಕು ಎಂದರು. ಯಾರ ಕಾಲು ತುಳಿದೆ ಎಂದು ಮನಸ್ಸಿನಲ್ಲಿಟ್ಟುಕೊ, ಚೆಂಡಿನ ಕೆಲಸ ಮುಗಿಸು, ಆಟ ಮುಗಿದ ಮೇಲೆ ಹೋಗಿ ಮುಟ್ಟು. ತಡವಾಗಿ ಮುಟ್ಟಿದರೂ ಅದು ಹಳಸುವುದಿಲ್ಲ. ಇಷ್ಟೇ ಅವರ ಕೋಚಿಂಗ್. ನಮ್ಮವಳು ಬಾಯಿ ತೆರೆದು ಕೇಳಿದಳು. ಅವಳ ಪಕ್ಕ ಕೂತು ನಾನೂ ಕೇಳಿದೆ.

ನಿನ್ನೆ ಕೊನೆಯ ಪಂದ್ಯ. ಗೆದ್ದರೆ ಮೇಲಿನ ನಾಲ್ಕರಲ್ಲಿ, ಸೋತರೆ ಮನೆಗೆ. ಬೆಳಿಗ್ಗೆ ಮಂಜು ಎಷ್ಟಿತ್ತೆಂದರೆ ಮೋಟರ್‌ವೇ ಮೇಲೆ ಮುಂದಿನ ಕಾರಿನ ಕೆಂಪು ದೀಪ ಬಿಟ್ಟರೆ ಜಗತ್ತೇ ಇರಲಿಲ್ಲ. ಜಿಮ್ಮಿನೊಳಗೂ ಆ ಬಿಳುಪು ಬಂದು ಕೂತಂತಿತ್ತು. ನಾನು ಚೆಂಡು ನೋಡಲಿಲ್ಲ, ಅಂಕದ ಹಲಗೆ ನೋಡಲಿಲ್ಲ, ಅವಳ ಬಲಗೈಯೊಂದನ್ನೇ ನೋಡಿದೆ. ಯಾರದೋ ಕಾಲು ತುಳಿದಾಗಲೆಲ್ಲ ಅದು ಒಂದು ಚೂರು ಏಳುತ್ತಿತ್ತು, ಗುಬ್ಬಿ ರೆಕ್ಕೆ ಬಿಚ್ಚಿ ಮತ್ತೆ ಮಡಚಿಕೊಂಡ ಹಾಗೆ, ಆಮೇಲೆ ಚೆಂಡಿನ ಕಡೆ ಹೋಗುತ್ತಿತ್ತು. ಒಂದು ಫೌಲೂ ಆ ಕೈಯಿಂದ ಆಗಲಿಲ್ಲ. ಕೊನೆಗೆ ಮೆಲೆ ಎಸೆದ ಚೆಂಡು ಬುಟ್ಟಿಯ ಅಂಚಿನ ಮೇಲೆ ಸುತ್ತಿತು, ನಾನು ಹೇಳಿದೆನಲ್ಲ, ಹಾಗೆ ನಿಂತಿತು, ನಿಜವಾಗಿ ನಿಂತಿತು, ಆಮೇಲೆ ಹೊರಗೆ ಬಿತ್ತು. ಒಂದೇ ಬುಟ್ಟಿಯಿಂದ ಸೋತೆವು.

ಹುಡುಗಿಯರು ಅಲ್ಲಲ್ಲೇ ಕೂತು ಅತ್ತರು. ಸ್ನೇಹಲ್ ಕೂರಲಿಲ್ಲ. ಎದುರಾಳಿಗಳು ಕುಣಿಯುತ್ತಿದ್ದಲ್ಲಿಗೆ ಹೋದಳು. ತಾನು ತುಳಿದವರನ್ನು ಒಬ್ಬೊಬ್ಬರನ್ನಾಗಿ ಹುಡುಕಿ, ಭುಜ ಮುಟ್ಟಿ, ಕೈಯನ್ನು ತನ್ನ ಕಣ್ಣಿಗೆ ಒತ್ತಿಕೊಂಡಳು. ಯಾರೂ ನಗಲಿಲ್ಲ. ಒಬ್ಬಳು ಎತ್ತರದ ಹುಡುಗಿ ಏನೆಂದು ಕೇಳಿದಳು, ಇವಳು ಹೇಳಿದಳು. ಅವಳು ಸ್ವಲ್ಪ ಯೋಚಿಸಿ, ನಾನೂ ನಿನ್ನ ಕಾಲು ತುಳಿದಿದ್ದೇನಲ್ಲ ಎಂದು ಸ್ನೇಹಲಳ ಭುಜ ಮುಟ್ಟಿ, ಸರಿಯಾಗಿ ಗೊತ್ತಿಲ್ಲದೆ ಹಣೆಗೆ ಒತ್ತಿಕೊಂಡಳು. ಸಿನಾ ದೂರದಲ್ಲಿ ಕೈ ಕಟ್ಟಿ ನಿಂತು ನೋಡುತ್ತಿದ್ದರು. ನನಗೆ ಕಣ್ಣು ತುಂಬಿ ಯಾರು ಯಾರೆಂದು ಕಾಣಲಿಲ್ಲ.

ವಾಪಸು ಬರುವಾಗ ಮಂಜು ಕರಗಿತ್ತು. ನಮ್ಮ ಬೀದಿಯ ತಿರುವಿನ ಸಿಗ್ನಲ್‌ನಲ್ಲಿ ಕಾರು ನಿಂತಾಗ ಅವಳು ಕೈ ಚಾಚಿ ನನ್ನ ಮೊಣಕಾಲು ಮುಟ್ಟಿ ಕಣ್ಣಿಗೊತ್ತಿಕೊಂಡಳು. "ಇದು ಯಾವುದಕ್ಕ?" ಎಂದೆ. "ಹಿತ್ತಲದಾಗ ಅಷ್ಟು ಸಲ ತುಳಿದ್ನಲ್ಲಾ, ಅದಕ್ಕ" ಎಂದಳು. ಹಸಿರು ದೀಪ ಬಂದರೂ ನಾನು ಹೊರಡಲಿಲ್ಲ, ಹಿಂದಿನವನು ಹಾರ್ನ್ ಹೊಡೆದ. ಆಮೇಲೆ ಅವಳು ಕಿಟಕಿಯ ಕಡೆ ಮುಖ ಮಾಡಿ, "ಅಪ್ಪಗ ಏನಂತ ಬರೀತಿ?" ಎಂದು ಕೇಳಿದಳು. ನಿಮ್ಮ ಪತ್ರ ಫ್ರಿಜ್ಜಿನ ಮೇಲೇ ಇತ್ತು, ಓದಿದ್ದಾಳೆ.

ಹೀಗೆ ಬರೆಯುತ್ತೇನೆ: ಸಹಿ ಹಾಕಬೇಡಿ. ಸ್ನೇಹಲಳಿಗೆ ನೀವು ಬೇಕು. ಮುಂದಿನ ಸೀಸನ್ನಿಗೆ ಸಿನಾ ಇರುತ್ತಾರಂತೆ, ಹುಡುಗಿಯರನ್ನು ಕರೆದುಕೊಂಡು ಹೋಗಿ ಬರಲು ಇನ್ನೊಬ್ಬ ಡ್ರೈವರ್ ಬೇಕಂತೆ. ಹೀಗಾಗಿ ಮನೆಗೆ ನಿಮ್ಮ ಅವಶ್ಯಕತೆ ಇದೆ. ನನಗೇನೂ ಆತುರವಿಲ್ಲ.

ಅಲ್ಲಿ ಗಾಳಿ ಜಾಸ್ತಿಯಂತೆ, ಕಿವಿಗೆ ಹತ್ತಿ ಇಟ್ಟುಕೊಳ್ಳಿ.

ಇತಿ,
ನೀಲಗಂಗಾ

ತಾ.ಕ.: ಲಕೋಟೆ ಅಂಟಿಸಿದ್ದೆ, ಮತ್ತೆ ಬಿಚ್ಚಿದೆ. ಆ ದಿನದ ಮಾತು ಬೇಡ ಎಂದಿದ್ದೆನಲ್ಲ, ಬರೆಯುತ್ತೇನೆ. ನೀವು ಹೊರಟಾಗ ನಾನು ಬಾಗಿಲಲ್ಲಿ ನಿಂತಿದ್ದೆ. ಸೂಟ್‌ಕೇಸ್ ಹೊಸ್ತಿಲಿಗೆ ಸಿಕ್ಕಿ ನೀವು ತಡವರಿಸಿದಿರಿ, ನಿಮ್ಮ ಬೂಟು ನನ್ನ ಕಾಲಿನ ಮೇಲೆ ಬಿತ್ತು. ನೀವು ಕೆಳಗೆ ನೋಡಿದಿರಿ, ನನ್ನ ಮುಖ ನೋಡಿದಿರಿ. ಟ್ಯಾಕ್ಸಿಯವನು ಕರೆದ, ಹೋಗಿಬಿಟ್ಟಿರಿ. ಬಸ್ಸಿನ ಮುದುಕನಿಗೆ ಸಿಕ್ಕದ್ದು ನನಗೆ ಸಿಗಲಿಲ್ಲ. ನನ್ನ ಸಿಟ್ಟು ಪರ್ತ್ ಮೇಲೆ ಎಂದು ಇಷ್ಟು ದಿನ ನೀವು ತಿಳಿದಿದ್ದಿರಿ, ನಾನೂ ಹಾಗೆಯೇ ಹೇಳಿಕೊಂಡು ಬಂದೆ. ನಿಮ್ಮ ಎರಡೂ ಕೈಯಲ್ಲಿ ಸಾಮಾನಿತ್ತು, ಅದೂ ನನಗೆ ಗೊತ್ತು. ತಡವಾಗಿ ಮುಟ್ಟಿದರೂ ಹಳಸುವುದಿಲ್ಲ ಎಂದು ಕೋಚ್ ಹೇಳಿದ್ದಾರೆ. ಬರುವಾಗ ಸೂಟ್‌ಕೇಸನ್ನು ಗೇಟಿನ ಹತ್ತಿರವೇ ಬಿಟ್ಟು, ಎರಡೂ ಕೈ ಖಾಲಿ ಇಟ್ಟುಕೊಂಡು ಬಾಗಿಲಿಗೆ ಬನ್ನಿ. ನಾನು ಅಲ್ಲೇ ನಿಂತಿರುತ್ತೇನೆ.